ವಿಎಂಸಿಯಲ್ಲಿ ಹೋಲ್ ಸರಿ ಬರ್ತಿಲ್ವಾ? ಫೀಡ್ ನಾಬ್ ಮುಟ್ಟೋಕೆ ಮುಂಚೆ ಇಷ್ಟು ನೋಡಿ

ಐಟಿಐನೋ ಡಿಪ್ಲೊಮಾನೋ ಮುಗಿಸ್ಕೊಂಡು ಪೀಣ್ಯ ಕಡೆ ಹೊಸ್ದಾಗಿ ವಿಎಂಸಿ (ವರ್ಟಿಕಲ್ ಮಷೀನಿಂಗ್ ಸೆಂಟರ್, ಅಂದ್ರೆ ಕಂಪ್ಯೂಟರ್ ನಡೆಸೋ ಸಿಎನ್‌ಸಿ ಮಿಲ್ಲಿಂಗ್-ಡ್ರಿಲ್ಲಿಂಗ್ ಮೆಷಿನ್) ಮುಂದೆ ನಿಲ್ಲೋರೆಲ್ಲ ಹೇಳೋ ಕಂಪ್ಲೇಂಟ್ ಮೂರೇ. ಹೋಲ್ ಸೈಜ್ ಜಾಸ್ತಿ ಬರ್ತಿದೆ, ಹೋಲ್ ಜಾಗದಲ್ಲಿ ಇಲ್ಲ, ಡ್ರಿಲ್ ಮುರೀತಿದೆ. ಮೂರಕ್ಕೂ ಮಾಡೋದು ಒಂದೇ ಕೆಲ್ಸ, ಫೀಡ್ (ಟೂಲ್ ಪೀಸನ್ನ ಕಡೀತಾ ಮುಂದೆ ಹೋಗೋ ವೇಗ) ಓವರ್‌ರೈಡ್ ನಾಬ್ ಹಿಡ್ಕೊಂಡು 100 ಪರ್ಸೆಂಟಿಂದ 50ಕ್ಕೆ ಇಳಿಸ್ಬಿಡೋದು. ಸೈಕಲ್ ಟೈಮ್ ಡಬಲ್ ಆಗತ್ತೆ, ಹೋಲ್ ಹಂಗೇ ಇರತ್ತೆ, ಸಾಯಂಕಾಲ ಶಿಫ್ಟ್‌ನವನು ಬಂದು ನಾಬ್ 50ರಲ್ಲಿ ಇರೋದು ನೋಡ್ದೇ ಸೈಕಲ್ ಸ್ಟಾರ್ಟ್ ಒತ್ತಿ "ಮೆಷಿನ್ ಸ್ಲೋ ಆಗಿದೆ" ಅಂತ ಬುಕ್ಕಲ್ಲಿ ಬರೀತಾನೆ.

ಕೈಯಲ್ಲಿ ಫೀಡ್ ಕೊಡೋ ರೇಡಿಯಲ್ ಡ್ರಿಲ್ಲಿಂಗ್ ಮೆಷಿನ್ ಮೇಲೆ ಕೆಲ್ಸ ಮಾಡಿದ ಹಳೇ ಫಿಟ್ಟರ್‌ಗಳಿಗೆ ಲಿವರ್ ಹಿಡಿದ ಕೈಗೇ ಗೊತ್ತಾಗ್ತಿತ್ತು, ಡ್ರಿಲ್ ಕಟ್ ಮಾಡ್ತಿದ್ಯಾ ಉಜ್ಜುತ್ತಿದ್ಯಾ ಅಂತ. ಸಿಎನ್‌ಸಿಯಲ್ಲಿ ಆ ಕೈ ಇಲ್ಲ. ಅದ್ರ ಬದಲು ನಮಗೆ ಸಿಗೋದು ಚಿಪ್ಸ್, ಸೌಂಡು, ಲೋಡ್ ಮೀಟರ್, ಆಮೇಲೆ ಹೋಲ್. ತಪ್ಪು ಎಷ್ಟು ಎಂಎಂ, ಯಾವ ಕಡೆಗೆ, ಎಲ್ಲಾ ಹೋಲಲ್ಲೂ ಒಂದೇ ತರಾನಾ, ಇಷ್ಟು ಬರ್ಕೊಂಡ್ರೆ ಕಾರಣ ಮುಕ್ಕಾಲು ಪಾಲು ಅಲ್ಲೇ ಸಿಕ್ಕಿರತ್ತೆ. ಅಳೀದೇ ಏನೂ ಬದಲಾಯಿಸ್ಬೇಡಿ, ಬದಲಾಯಿಸಿದ್ರೂ ಒಂದ್ಸಲಕ್ಕೆ ಒಂದೇ ಐಟಂ.

ಮಾತಾಡೋಕೆ ಒಂದು ಜಾಬ್ (ಕಡಿಯೋ ಪೀಸ್) ಇಟ್ಕೊಳೋಣ. ಇಎನ್8 (ಮೀಡಿಯಂ ಕಾರ್ಬನ್ ಸ್ಟೀಲ್) ಪ್ಲೇಟು, ಎಂಎಂನಲ್ಲಿ 200 ಉದ್ದ 150 ಅಗಲ 25 ದಪ್ಪ, ನಾಲ್ಕು ಮೂಲೆಯಲ್ಲಿ ಎಂ10 ಟ್ಯಾಪ್ ಹೊಡಿಯೋಕೆ 8.5 ಥ್ರೂ ಹೋಲು. ಡ್ರಿಲ್ಲು ಮಾಮೂಲಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್), 118 ಡಿಗ್ರಿ ಪಾಯಿಂಟು. ಸ್ಪಾಟ್ ಡ್ರಿಲ್ (ಡ್ರಿಲ್ ಜಾರ್ದೇ ಇರ್ಲಿ ಅಂತ ಮೊದ್ಲು ಹಾಕೋ ಚಿಕ್ಕ ಗುಳಿ) ಆಗ್ಲೇ ಆಗಿದೆ ಅನ್ಕೊಳಿ. ಫಾನುಕ್ ಕಂಟ್ರೋಲ್‌ನಲ್ಲಿ ಪ್ರೋಗ್ರಾಂ ಸುಮಾರು ಹಿಂಗಿರತ್ತೆ (ಟಿ ಟೂಲ್ ನಂಬರ್, ಎಚ್ ಟೂಲ್ ಉದ್ದದ ಆಫ್‌ಸೆಟ್ ನಂಬರ್, ಎಸ್ ಆರ್‌ಪಿಎಂ, ಎಫ್ ನಿಮಿಷಕ್ಕೆ ಎಷ್ಟು ಎಂಎಂ ಫೀಡ್, ಝೆಡ್ ಆಳ, ಆರ್ ಫೀಡ್ ಶುರುವಾಗೋ ಎತ್ತರ, ಕ್ಯೂ ಒಂದೊಂದ್ಸಲ ಇಳಿಯೋ ಆಳ):

ಟಿ2 ಎಂ6
ಜಿ90 ಜಿ54 ಜಿ0 ಎಕ್ಸ್20. ವೈ20. ಎಸ್750 ಎಂ3
ಜಿ43 ಎಚ್2 ಝೆಡ್50. ಎಂ8
ಜಿ99 ಜಿ83 ಝೆಡ್-29. ಆರ್3. ಕ್ಯೂ4. ಎಫ್110
ಎಕ್ಸ್180.
ವೈ130.
ಎಕ್ಸ್20.
ಜಿ80 ಜಿ0 ಝೆಡ್50. ಎಂ9

750 ಎಲ್ಲಿಂದ ಬಂತು ಅಂದ್ರೆ, ಕಟಿಂಗ್ ಸ್ಪೀಡ್ ನಿಮಿಷಕ್ಕೆ 20 ಮೀಟರ್ ಅಂತ ಹಿಡಿದು ಅದನ್ನ 1000ದಿಂದ ಗುಣಿಸಿ, 3.14 ಗುಣಿಸು 8.5ರಿಂದ ಭಾಗಿಸಿದ್ದು. ಒಂದು ಸುತ್ತಿಗೆ 0.15 ಎಂಎಂ ಫೀಡ್ ಅಂದ್ರೆ 112, ರೌಂಡ್ ಮಾಡಿ 110. ಆಳ 29 ಯಾಕೆ? 25 ದಪ್ಪ, ಜೊತೆಗೆ ಡ್ರಿಲ್ ಮೂತಿಯ ಉದ್ದ. 118 ಡಿಗ್ರಿ ಡ್ರಿಲ್‌ಗೆ ಮೂತಿ ಉದ್ದ ಡಯಾದ 0.3 ಪಟ್ಟು, ಇಲ್ಲಿ 2.55, ಆಮೇಲೆ ಒಂದೂವರೆ ಎಂಎಂ ಆಚೆ ಬರ್ಲಿ ಅಂತ. 140 ಡಿಗ್ರಿ ಕಾರ್ಬೈಡ್ ಡ್ರಿಲ್ ಆದ್ರೆ 0.18 ಪಟ್ಟು ಸಾಕು. ಬ್ಲೈಂಡ್ ಹೋಲಲ್ಲಿ ಡ್ರಾಯಿಂಗ್ ಆಳ ಸಾಮಾನ್ಯವಾಗಿ ಪೂರ್ತಿ ಡಯಾ ಇರೋ ಭಾಗಕ್ಕೇ ಕೊಟ್ಟಿರ್ತಾರೆ, ಮೂತಿ ಸೇರಿಸ್ದೇ ಹೊಡೆದು ಆಮೇಲೆ ಟ್ಯಾಪ್ ತಳಕ್ಕೆ ಗುದ್ದಿ ಮುರೀತು ಅಂತ ಟ್ಯಾಪ್ ಕಂಪನಿಗೆ ಬೈಯೋರು ಬೇಜಾನ್ ಜನ.

ಹೋಲ್ ಜಾಗದಲ್ಲಿ ಇಲ್ಲ

ಇದು ಮೊದ್ಲು, ಯಾಕಂದ್ರೆ ಇದ್ರಲ್ಲಿ ತಪ್ಪಿನ ಸೈಜೇ ಕಾರಣ ಹೇಳ್ಬಿಡತ್ತೆ.

ನಾಲ್ಕೂ ಹೋಲ್ ಒಂದೇ ಕಡೆಗೆ ಒಂದೇ ಅಳತೆ ಜರುಗಿದ್ರೆ ಅದು ಆಫ್‌ಸೆಟ್ (ಜಾಬ್‌ನ ಝೀರೋ ಎಲ್ಲಿದೆ ಅಂತ ಮೆಷಿನ್‌ಗೆ ಕೊಟ್ಟ ನಂಬರ್, ಇಲ್ಲಿ ಜಿ54) ತಪ್ಪು, ಮೆಷಿನ್ ತಪ್ಪಲ್ಲ. ಎಡಗಡೆ ಅಂಚಿಂದ 20ಕ್ಕೆ ಬರ್ಬೇಕಾದ ಹೋಲು 15ಕ್ಕೆ ಬಂದಿದ್ಯಾ? ಸರಿಯಾಗಿ 5 ಎಂಎಂ, ಅಂದ್ರೆ ಸ್ಪಿಂಡಲ್‌ಗೆ ಹಾಕಿ ಅಂಚು ಹುಡುಕೋ ನಿಮ್ಮ 10 ಎಂಎಂ ಎಡ್ಜ್ ಫೈಂಡರ್‌ನ ಅರ್ಧ. ಫೈಂಡರ್ ಅಂಚಿಗೆ ತಾಗಿದಾಗ ಸ್ಪಿಂಡಲ್ ಸೆಂಟರ್ ಅಂಚಿಂದ 5 ಎಂಎಂ ಆಚೆ ನಿಂತಿರತ್ತೆ, ಅಲ್ಲಿ ಎಕ್ಸ್-5. ಅಂತ ಹೊಡೆದು ಮೆಷರ್ ಒತ್ತೋ ಬದಲು ಎಕ್ಸ್0 ಅಂತ ಒತ್ತಿದ್ದಾರೆ. ಹೋಲು 10ಕ್ಕೆ ಬಂದಿದ್ಯಾ? ಹಂಗಾದ್ರೆ ಮೈನಸ್ ಬದಲು ಪ್ಲಸ್ 5 ಹೊಡೆದಿದ್ದಾರೆ, ತಪ್ಪು ಎರಡು ಪಟ್ಟಾಗಿದೆ. ಇವೆರಡೂ ಎಷ್ಟು ಮಾಮೂಲಿ ಅಂದ್ರೆ ತಪ್ಪು 5 ಅಥವಾ 10 ಅಂತ ಕೇಳಿದ ತಕ್ಷಣ ಸೆಟ್ಟರ್ ಮೆಷಿನ್ ಹತ್ರನೂ ಬರ್ದೇ ಕೂತಲ್ಲಿಂದಾನೇ ಹೇಳ್ತಾನೆ.

ತಪ್ಪು ಇಷ್ಟು ರೌಂಡ್ ಆಗಿಲ್ದೆ ಏನೋ 1.37, 0.6 ಅಂತ ವಿಚಿತ್ರ ನಂಬರ್ ಇದ್ರೆ ಆಫ್‌ಸೆಟ್ ಪೇಜಲ್ಲಿ ಜಿ54ಕ್ಕಿಂತ ಮೇಲೆ 00 ನಂಬರ್‌ನಲ್ಲಿ ಎಕ್ಸ್‌ಟರ್ನಲ್ ಆಫ್‌ಸೆಟ್ ಇರತ್ತೆ, ಅದನ್ನ ನೋಡಿ. ಅದು ಜಿ54ರಿಂದ ಜಿ59ರ ತನಕ ಎಲ್ಲದಕ್ಕೂ ಸೇರ್ಕೊಳತ್ತೆ, ಯಾರೋ ಹಿಂದಿನ ಜಾಬ್‌ಗೆ ಹಾಕಿ ಅಳಿಸೋದು ಮರ್ತಿರ್ತಾರೆ. ಹೊಸಬರು ಆ ಸಾಲನ್ನ ನೋಡೋದೇ ಇಲ್ಲ. ಇನ್ನು 0.03, 0.05 ಅಷ್ಟೇ ಜರುಗಿದ್ರೆ ರೆಫರೆನ್ಸ್ ಅಂಚಲ್ಲಿ ಬರ್ (ಕಟ್ ಮಾಡಿದಾಗ ಏಳೋ ಚೂಪು ಅಂಚು) ಉಳ್ಕೊಂಡಿದೆ ಇಲ್ಲಾ ಎಡ್ಜ್ ಫೈಂಡರ್ ಕೊಳಕಾಗಿದೆ. ಅಂಚಿಗೆ ಒಂದ್ಸಲ ಫೈಲ್ ಎಳೀರಿ, ಫೈಂಡರ್‌ನ ಎರಡು ಮುಖದ ಮಧ್ಯೆ ಒರೆಸಿ ಮತ್ತೆ ತಗೊಳಿ.

ನಾಲ್ಕು ಹೋಲ್‌ಗಳ ಮಧ್ಯದ ದೂರ ಉದ್ದಕ್ಕೆ 160, ಅಗಲಕ್ಕೆ 110 ಕರೆಕ್ಟಾಗಿದೆ, ಆದ್ರೆ ಅಂಚಿಂದ ನೋಡಿದ್ರೆ ಒಂದು ಹೋಲು 20.00 ಇನ್ನೊಂದು 20.12, ಅಂದ್ರೆ ಇಡೀ ಪ್ಯಾಟರ್ನ್ ಸ್ವಲ್ಪ ತಿರುಗಿ ಕೂತಿದೆ. ವೈಸ್ ಡಯಲ್ ಮಾಡಿಲ್ಲ, ಅಥವಾ ಮಾಡಿದ್ಮೇಲೆ ಬೋಲ್ಟ್ ಟೈಟ್ ಮಾಡುವಾಗ ಸರಿದಿದೆ. ಲಿವರ್ ಡಯಲನ್ನ ಸ್ಪಿಂಡಲ್‌ಗೆ ಹಾಕಿ ಫಿಕ್ಸೆಡ್ ಜಾ ಮೇಲೆ ಓಡ್ಸಿ, 150 ಎಂಎಂ ಉದ್ದಕ್ಕೆ ಮುಳ್ಳು 0.01 ಒಳಗೆ ಇರ್ಲಿ. ಬೋಲ್ಟ್ ಪೂರ್ತಿ ಟೈಟ್ ಆದ್ಮೇಲೆ ಇನ್ನೊಂದ್ಸಲ ಓಡಿಸ್ಬೇಕು, ಆ ಎರಡನೇ ಸಲವೇ ಎಲ್ರೂ ಬಿಡೋದು.

ಇನ್ನೊಂದು, ಹೋಲ್‌ಗಳ ಮಧ್ಯದ ದೂರದಲ್ಲೇ ತಪ್ಪಿದೆ, ಅದೂ ಟೇಬಲ್ ಪ್ಲಸ್ ಕಡೆಯಿಂದ ಬಂದಾಗ ಒಂಥರಾ ಮೈನಸ್ ಕಡೆಯಿಂದ ಬಂದಾಗ ಒಂಥರಾ. ಇದು ಬ್ಯಾಕ್‌ಲ್ಯಾಶ್, ಅಂದ್ರೆ ದಿಕ್ಕು ಬದಲಾದಾಗ ಸ್ಕ್ರೂ ಖಾಲಿ ತಿರುಗೋ ಸಡಿಲ. ಮ್ಯಾಗ್ನೆಟ್ ಸ್ಟ್ಯಾಂಡ್ ಸ್ಪಿಂಡಲ್ ಹೆಡ್‌ಗೆ ಅಂಟಿಸಿ ಡಯಲ್ ಮುಳ್ಳನ್ನ ವೈಸ್‌ಗೆ ತಾಗಿಸಿ, ಹ್ಯಾಂಡ್‌ವೀಲ್ ಒಂದೇ ಕಡೆಗೆ ಸ್ವಲ್ಪ ತಿರುಗ್ಸಿ ಡಯಲ್ ಝೀರೋ ಮಾಡ್ಕೊಳಿ, ಆಮೇಲೆ ಉಲ್ಟಾ ಒಂದೊಂದೇ ಕ್ಲಿಕ್ ತಿರುಗ್ಸಿ. ಒಂದು ಕ್ಲಿಕ್‌ಗೆ 0.01 ಇಟ್ಕೊಂಡಿದ್ರೆ, ಮೂರು ಕ್ಲಿಕ್ ಆದ್ರೂ ಮುಳ್ಳು ಅಲ್ಲಾಡ್ಲಿಲ್ಲ ಅಂದ್ರೆ 0.03 ಬ್ಯಾಕ್‌ಲ್ಯಾಶ್ ಇದೆ. ಇದಕ್ಕೆ ಪ್ಯಾರಾಮೀಟರ್‌ನಲ್ಲಿ ಕಾಂಪನ್ಸೇಶನ್ ಇದೆ, ಫಾನುಕ್‌ನಲ್ಲಿ 1851, ಆದ್ರೆ ಅದು ಮೇಂಟೆನೆನ್ಸ್‌ನವರ ಕೆಲ್ಸ, ನೀವು ಮುಟ್ಬೇಡಿ. ಕೈಯಲ್ಲಿರೋ ಜಾಬ್ ಮುಗಿಸೋಕೆ ಎಲ್ಲಾ ಹೋಲಿಗೂ ಒಂದೇ ದಿಕ್ಕಿಂದ ಬರೋ ಹಂಗೆ ಪ್ರೋಗ್ರಾಂ ಬರ್ಕೊಂಡ್ರೆ ಸಾಕು.

ಒಂದೊಂದು ಹೋಲ್ ಒಂದೊಂದು ಕಡೆಗೆ, ಲೆಕ್ಕಾನೇ ಇಲ್ದೆ 0.1, 0.2 ಆಚೀಚೆ ಇದ್ಯಾ? ಇಲ್ಲಿ ಆಫ್‌ಸೆಟ್ ಹುಡುಕ್ತಾ ಕೂರ್ಬೇಡಿ. ಡ್ರಿಲ್ ಮೂತಿ ಜಾಬ್ ಮೇಲೆ ಕೂತ ತಕ್ಷಣ ಜಾರ್ತಿದೆ. ಸ್ಪಾಟ್ ಹಾಕಿಲ್ಲ, ಹಾಕಿದ್ರೂ ಚಿಕ್ಕದಾಗಿದೆ, ಇಲ್ಲಾಂದ್ರೆ ಡ್ರಿಲ್ ಹೋಲ್ಡರ್‌ನಿಂದ ತುಂಬಾ ಉದ್ದ ಆಚೆ ನಿಂತಿದೆ. ಜಾಬ್ ಕೆಳಗೆ ಒಂದು ಚಿಪ್ ಸಿಕ್ಕಾಕೊಂಡ್ರೂ ಹಿಂಗಾಗತ್ತೆ, ಪ್ಯಾರಲಲ್ (ವೈಸಲ್ಲಿ ಜಾಬ್ ಕೆಳಗೆ ಇಡೋ ಸಮ ಎತ್ತರದ ಸ್ಟೀಲ್ ಪಟ್ಟಿ) ಮೇಲೆ ಜಾಬ್ ಕೂರಿಸಿ ನೈಲಾನ್ ಹ್ಯಾಮರಲ್ಲಿ ತಟ್ಟಿದ್ಮೇಲೆ ಎರಡೂ ಪ್ಯಾರಲಲ್ ಬೆರಳಲ್ಲಿ ಅಲ್ಲಾಡಿಸಿ ನೋಡಿ. ಒಂದು ಅಲ್ಲಾಡಿದ್ರೂ ಜಾಬ್ ಕೂತಿಲ್ಲ.

ಇನ್ನು ಹೋಲು ವೈಸ್ ಮೇಲೇ ಬಿತ್ತು, ಇಲ್ಲಾ ಓವರ್‌ಟ್ರಾವೆಲ್ ಅಲಾರಂ ಬಂತು ಅಂದ್ರೆ ಜಿ91 (ಈಗ ನಿಂತಿರೋ ಜಾಗದಿಂದ ಅಳೆಯೋ ಮೋಡ್, ಜಿ90 ಆದ್ರೆ ಝೀರೋದಿಂದ) ಉಳ್ಕೊಂಡಿದೆ. ಟೂಲ್ ಚೇಂಜ್‌ಗೆ ಮುಂಚೆ ಜಿ91 ಜಿ28 ಝೆಡ್0 ಕೊಟ್ಟು ಆಮೇಲೆ ಜಿ90 ಬರೀದೇ ಇದ್ರೆ ಎಕ್ಸ್20 ಆದ್ಮೇಲೆ ಎಕ್ಸ್180 ಅನ್ನೋದನ್ನ ಮೆಷಿನ್ ಇನ್ನೂ 180 ಹೋಗು ಅಂತ ತಗೊಳತ್ತೆ. ಪ್ರತಿ ಟೂಲ್ ಶುರುವಿನಲ್ಲೂ ಜಿ90 ಬರೀರಿ, ಒಂದು ಪದಕ್ಕೆ ಜಿಪುಣತನ ಯಾಕೆ.

ಸೈಜ್ ಜಾಸ್ತಿ ಬರ್ತಿದೆ

ಫಸ್ಟ್ ಪ್ರಶ್ನೆ, ಯಾವುದ್ರಿಂದ ಅಳೆದ್ರಿ? ವರ್ನಿಯರ್ ಒಳಗಿನ ಜಾ ಚಿಕ್ಕ ಹೋಲಲ್ಲಿ ನಿಜ ಹೇಳಲ್ಲ, ಅದೂ ಬಾಯಿ ಹತ್ರ ಮಾತ್ರ ಮುಟ್ಟತ್ತೆ. ಪಿನ್ ಗೇಜ್ ಇದ್ರೆ ತಗೊಳಿ, 8.5, 8.6, 8.7 ಹಾಕಿ ನೋಡಿ, ಮೇಲಿಂದಾನೂ ಜಾಬ್ ತಿರುಗ್ಸಿ ಕೆಳಗಿಂದಾನೂ.

ಎರಡನೇ ಪ್ರಶ್ನೆ, ಎಷ್ಟು ಜಾಸ್ತಿ? ಎಂ10 ಒಂದೂವರೆ ಪಿಚ್ ಥ್ರೆಡ್‌ಗೆ 6ಎಚ್ ಟಾಲರೆನ್ಸಲ್ಲಿ ಒಳಗಿನ ಡಯಾ 8.376ರಿಂದ 8.676ರವರೆಗೆ ಓಕೆ. ಹಂಗಾಗಿ 8.58 ಬಂತು ಅಂತ ಗಾಬರಿ ಬೇಡ, ಎಚ್‌ಎಸ್‌ಎಸ್ ಡ್ರಿಲ್ ಸಾಮಾನ್ಯವಾಗಿ ತನ್ನ ಸೈಜ್‌ಗಿಂತ ಒಂಚೂರು ದೊಡ್ಡದೇ ಹೊಡಿಯೋದು. 8.7 ಪಿನ್ ಒಳಗೆ ಹೋದ್ರೆ ಮಾತ್ರ ರಿಜೆಕ್ಟ್. ಡ್ರಾಯಿಂಗಲ್ಲಿ ಎಚ್7 ತರ ಟೈಟ್ ಟಾಲರೆನ್ಸ್ ಇದ್ರೆ ಮಾತು ಬೇರೆ, ಆದ್ರೆ ಅದನ್ನ ಬರೀ ಟ್ವಿಸ್ಟ್ ಡ್ರಿಲ್ಲಲ್ಲೇ ಮುಗಿಸೋಕೆ ಹೋಗೋದೇ ತಪ್ಪು, ರೀಮರ್ ಇಲ್ಲಾ ಬೋರಿಂಗ್ ಬಾರ್ ಹಾಕ್ಬೇಕು.

ಬಾಯಿ ಮಾತ್ರ ದೊಡ್ಡದು, ಕೆಳಗೆ ಸೈಜ್ ಕರೆಕ್ಟು ಅಂದ್ರೆ ಡ್ರಿಲ್ ಒಳಗೆ ಹೋಗೋ ಮುಂಚೆ ಒದ್ದಾಡಿದೆ. ಇಲ್ಲಿ ಸ್ಪಾಟ್ ಡ್ರಿಲ್ ಆಂಗಲ್ ಬಗ್ಗೆ ಒಂದು ಮಾತು. ಸ್ಪಾಟು 90 ಡಿಗ್ರಿ, ಡ್ರಿಲ್ಲು 118 ಅಂದ್ರೆ ಡ್ರಿಲ್‌ನ ಹೊರಗಿನ ಮೂಲೆಗಳು ಮೊದ್ಲು ತಾಗತ್ವೆ, ಮಧ್ಯದ ಚೂಪು ಗಾಳಿಯಲ್ಲಿರತ್ತೆ. ಎಚ್‌ಎಸ್‌ಎಸ್ ಆದ್ರೆ ಹೆಂಗೋ ತಡ್ಕೊಳತ್ತೆ, ಕಾರ್ಬೈಡ್ ಡ್ರಿಲ್‌ನ ಮೂಲೆ ಚಕ್ಕೆ ಎದ್ದು ಹೋಗತ್ತೆ. ಕಾರ್ಬೈಡ್‌ಗೆ ಅದರ ಪಾಯಿಂಟ್ ಆಂಗಲ್‌ಗಿಂತ ಸ್ವಲ್ಪ ಅಗಲ ಆಂಗಲ್‌ನ ಸ್ಪಾಟ್ ಬೇಕು, ಚಿಕ್ಕ ಕಾರ್ಬೈಡ್ ಡ್ರಿಲ್‌ಗೆ ಫ್ಲಾಟ್ ಜಾಬ್ ಮೇಲೆ ಸ್ಪಾಟೇ ಬೇಡ. ಶಾಪ್‌ಗಳಲ್ಲಿ 90 ಡಿಗ್ರಿನೇ ಯಾಕೆ ಇಟ್ಕೊಳ್ತಾರೆ ಅಂದ್ರೆ ಅದೇ ಟೂಲಲ್ಲಿ ಚ್ಯಾಂಫರ್ರೂ ಆಗೋಗತ್ತೆ, ಒಂದು ಟೂಲ್ ಚೇಂಜ್ ಉಳಿಯತ್ತೆ. ಎಚ್‌ಎಸ್‌ಎಸ್ ಇದ್ದಾಗ ನಾನೂ ಅದಕ್ಕೇ ಓಟ್ ಹಾಕ್ತೀನಿ.

ಮೇಲಿಂದ ಕೆಳಗಿನ ತನಕ ಒಂದೇ ಸಮ ದೊಡ್ಡದು ಬಂದಿದ್ರೆ ಎರಡು ಕಾರಣ. ಒಂದು, ಡ್ರಿಲ್ ಕೈಯಲ್ಲಿ ಗ್ರೈಂಡ್ ಮಾಡಿದ್ದಾರೆ, ಎರಡು ಲಿಪ್ (ಕಡಿಯೋ ಅಂಚು) ಒಂದೇ ಉದ್ದ ಇಲ್ಲ. ಇದಕ್ಕೆ ಗೇಜೂ ಬೇಡ, ಡ್ರಿಲ್ ಕಟ್ ಮಾಡ್ತಿರುವಾಗ ಡೋರ್ ಗ್ಲಾಸಿಂದ ಚಿಪ್ಸ್ ನೋಡಿ. ಎರಡೂ ಫ್ಲೂಟಿಂದ (ಡ್ರಿಲ್ ಮೈಮೇಲಿನ ಸುರುಳಿ ಕಾಲುವೆ) ಒಂದೇ ತರ ಸುರುಳಿ ಬರ್ಬೇಕು. ಒಂದ್ಕಡೆಯಿಂದ ಗಟ್ಟಿ ಸುರುಳಿ ಇನ್ನೊಂದ್ಕಡೆಯಿಂದ ಪುಡಿ ಇಲ್ಲಾ ಏನೂ ಇಲ್ಲ ಅಂದ್ರೆ ಒಂದೇ ಲಿಪ್ ದುಡೀತಿದೆ. ಮೂತಿಯ ಚೂಪು ಸೆಂಟರ್‌ನಿಂದ 0.1 ಸರಿದಿದ್ರೆ ಹೋಲು ಸುಮಾರು 0.2 ದೊಡ್ಡದಾಗತ್ತೆ. ಡ್ರಿಲ್ ಬದಲಾಯಿಸಿ ಇಲ್ಲಾ ಟೂಲ್ ಗ್ರೈಂಡರಲ್ಲಿ ಸರಿಯಾಗಿ ಮಾಡ್ಸಿ, ಬೆಂಚ್ ಗ್ರೈಂಡರಲ್ಲಿ ಕಣ್ಣಳತೆಗೆ ಉಜ್ಜಿದ್ದನ್ನ ವಿಎಂಸಿಗೆ ಹಾಕೋದು ನಂಗಂತೂ ಇಷ್ಟ ಇಲ್ಲ.

ಎರಡನೇದು ರನೌಟ್, ಅಂದ್ರೆ ಟೂಲ್ ಸೆಂಟರ್ ಬಿಟ್ಟು ಓಲಾಡ್ತಾ ತಿರುಗೋದು. ಡ್ರಿಲ್ ತೆಗೆದು, ಹೋಲ್ಡರ್ ಒಳಗೆ ಅದನ್ನ ಹಿಡ್ಕೊಂಡಿದ್ದ ಅದೇ ಕೊಲೆಟ್‌ಗೆ ನೆಟ್ಟಗಿರೋ ಒಂದು ಡೋವೆಲ್ ಪಿನ್ ಇಲ್ಲಾ ಕಾರ್ಬೈಡ್ ಶ್ಯಾಂಕ್ ಹಾಕಿ, ಲಿವರ್ ಡಯಲ್ ತಾಗಿಸಿ, ಸ್ಪಿಂಡಲ್ ಕೈಯಲ್ಲಿ ತಿರುಗ್ಸಿ. ಕೊಲೆಟ್ ಬಾಯಿ ಹತ್ರ ಒಂದ್ಸಲ, 40-50 ಎಂಎಂ ಕೆಳಗೆ ಒಂದ್ಸಲ. ಎಚ್‌ಎಸ್‌ಎಸ್ ಡ್ರಿಲ್‌ಗೆ 0.02, 0.03 ನಡಿಯತ್ತೆ, ಕಾರ್ಬೈಡ್‌ಗೆ 0.02 ದಾಟಿದ್ರೆ ಹಾಕ್ಬೇಡಿ. ಜಾಸ್ತಿ ಇದ್ರೆ ತಪ್ಪು ಸ್ಪಿಂಡಲ್‌ದಾ ಹೋಲ್ಡರ್‌ದಾ ಅಂತ ಗೊತ್ತಾಗ್ಬೇಕಲ್ಲ? ಮುಳ್ಳು ಅತೀ ಜಾಸ್ತಿ ತೋರಿಸಿದ ಜಾಗಕ್ಕೆ ಮಾರ್ಕರಲ್ಲಿ ಹೋಲ್ಡರ್ ಮೇಲೆ ಒಂದು ಗೀಟು, ಅದಕ್ಕೆ ನೇರವಾಗಿ ಸ್ಪಿಂಡಲ್ ಮೇಲೆ ಒಂದು ಗೀಟು ಹಾಕಿ. ಹೋಲ್ಡರ್ ತೆಗೆದು 180 ಡಿಗ್ರಿ ತಿರುಗ್ಸಿ ಹಾಕಿ ಮತ್ತೆ ನೋಡಿ. ಎತ್ತರ ಹೋಲ್ಡರ್ ಗೀಟಿನ ಜೊತೆ ಬಂದ್ರೆ ತಪ್ಪು ಹೋಲ್ಡರ್ ಇಲ್ಲಾ ಕೊಲೆಟ್‌ದು, ಸ್ಪಿಂಡಲ್ ಗೀಟಿನ ಹತ್ರಾನೇ ಉಳಿದ್ರೆ ಸ್ಪಿಂಡಲ್ ಟೇಪರ್‌ದು. ಎರಡೇ ನಿಮಿಷದ ಕೆಲ್ಸ, ಆದ್ರೆ ಇದನ್ನ ಮಾಡ್ದೇ ಸ್ಪಿಂಡಲ್ ಬೇರಿಂಗ್ ಹೋಗಿದೆ ಅಂತ ಮ್ಯಾನೇಜರ್ ತನಕ ಸುದ್ದಿ ಹೋಗಿರತ್ತೆ.

ಬೇರಿಂಗ್ ಹೋಗೋದು ಅಪರೂಪ ಗುರು. ಟೇಪರಲ್ಲಿ ಒಂದು ಕೂದ್ಲೆಳೆ ಚಿಪ್, ಬನಿಯನ್ ವೇಸ್ಟಿಂದ ಬಿದ್ದ ನೂಲು, ಇಲ್ಲಾ ಕೊಲೆಟ್‌ನ ಸೀಳುಗಳಲ್ಲಿ ಹಳೇ ಕೂಲೆಂಟ್ ಗಟ್ಟಿಯಾಗಿರೋದು, ಜಾಸ್ತಿ ಸಲ ಇಷ್ಟೇ. ಇಆರ್ ಕೊಲೆಟ್ ಹಾಕೋ ರೀತಿನೂ ತಪ್ಪಿರತ್ತೆ, ಕೊಲೆಟನ್ನ ಮೊದ್ಲು ನಟ್ ಒಳಗೆ ಓರೆ ಮಾಡಿ ಟಕ್ ಅಂತ ಕೂರಿಸ್ಬೇಕು, ಆಮೇಲೆ ಎರಡೂ ಸೇರಿಸಿ ಹೋಲ್ಡರ್‌ಗೆ. ಕೊಲೆಟನ್ನ ಹೋಲ್ಡರ್ ಒಳಗೆ ಬಿಟ್ಟು ಮೇಲಿಂದ ನಟ್ ತಿರುಗಿಸಿದ್ರೆ ಅದು ಓರೆಯಾಗೇ ಕೂರತ್ತೆ, ಎಷ್ಟು ಟೈಟ್ ಮಾಡಿದ್ರೂ ಅಷ್ಟೇ, ತೆಗೆಯುವಾಗ ಕೊಲೆಟ್ ಒಳಗೇ ಸಿಕ್ಕಾಕೊಂಡು ಇನ್ನೊಂದು ಗೋಳು. ಹೊಸ ಹೋಲ್ಡರ್ ಹಾಕಿದ್ಮೇಲೆ ಶುರುವಾದ ಪ್ರಾಬ್ಲಂ ಆದ್ರೆ ಬಿಟಿ40 ಹೋಲ್ಡರ್ ಹಿಂದಿನ ಪುಲ್ ಸ್ಟಡ್ ನೋಡಿ, 45 ಡಿಗ್ರಿದೂ ಇದೆ 60 ಡಿಗ್ರಿದೂ ಇದೆ, ನೋಡೋಕೆ ಎರಡೂ ಅಕ್ಕ ತಂಗಿ ತರ. ತಪ್ಪಾಗಿ ಹಾಕಿದ್ರೆ ಹೋಲ್ಡರನ್ನ ಸ್ಪಿಂಡಲ್ ಒಳಗೆ ಎಳೆದಿಡೋ ಡ್ರಾಬಾರ್ ಹಿಡಿತ ಸರಿ ಸಿಗಲ್ಲ, ಇದು ಬರೀ ಹೋಲ್ ಸೈಜ್ ಪ್ರಾಬ್ಲಂ ಅಲ್ಲ, ತಿರುಗ್ತಿರೋ ಟೂಲ್ ಕಳಚ್ಕೊಂಡು ಬರೋ ಪ್ರಾಬ್ಲಂ. ಅನುಮಾನ ಬಂದ್ರೆ ಸ್ಪಿಂಡಲ್ ಆನ್ ಮಾಡ್ಲೇಬೇಡಿ.

ಡ್ರಿಲ್ ಮುರೀತಿದೆ

ಮುರಿದ ಡ್ರಿಲ್ ಡಸ್ಟ್‌ಬಿನ್‌ಗೆ ಎಸೀಬೇಡಿ, ಅದೇ ಸಾಕ್ಷಿ. ಬೆಳಕಿಗೆ ಹಿಡಿದು ನೋಡಿ.

ಹೊರಗಿನ ಎರಡು ಮೂಲೆ ಸವೆದು ನೀಲಿ ತಿರುಗಿದ್ರೆ ಸ್ಪೀಡ್ ಜಾಸ್ತಿ ಇಲ್ಲಾ ಕೂಲೆಂಟ್ ಮೂತಿಗೆ ತಲುಪ್ತಿಲ್ಲ. ಮಧ್ಯದ ಚಿಸೆಲ್ ಎಡ್ಜ್ ಚಪ್ಪಟೆಯಾಗಿದ್ರೆ ಫೀಡ್ ಜಾಸ್ತಿ, ಜಾಬಲ್ಲಿ ಗಟ್ಟಿ ಜಾಗ ಸಿಕ್ಕಿದ್ರೂ ಹಂಗಾಗತ್ತೆ. ಡ್ರಿಲ್ ಮಧ್ಯದಿಂದ ಉದ್ದಕ್ಕೆ ಸೀಳಿದ್ರೆ ಫೀಡ್ ತೀರಾ ಜಾಸ್ತಿ, ಅಥವಾ ಗ್ರೈಂಡ್ ಮಾಡುವಾಗ ಲಿಪ್ ಹಿಂದೆ ಕ್ಲಿಯರೆನ್ಸ್ ಬಿಟ್ಟಿಲ್ಲ, ಡ್ರಿಲ್ ಕಟ್ ಮಾಡೋ ಬದಲು ಹಿಮ್ಮಡಿಯಲ್ಲಿ ಉಜ್ಜುತ್ತಿದೆ. ಫ್ಲೂಟ್ ತುಂಬಾ ಚಿಪ್ಸ್ ಸಿಮೆಂಟ್ ಹಾಕಿದಂಗೆ ತುಂಬ್ಕೊಂಡು ಮಧ್ಯಕ್ಕೆ ಮುರಿದಿದ್ರೆ ಚಿಪ್ಸ್ ಆಚೆ ಬರ್ತಿಲ್ಲ.

ಚಿಪ್ಸ್ ಆಚೆ ಬರ್ದೇ ಮುರಿಯೋದಕ್ಕೂ ಆ ಫೀಡ್ ನಾಬ್‌ಗೂ ನೇರ ಸಂಬಂಧ ಇದೆ. ಫೀಡ್ ಅರ್ಧ ಮಾಡಿದ್ರೆ ಚಿಪ್ ತೆಳ್ಳಗಾಗತ್ತೆ, ತೆಳ್ಳಗಿನ ಚಿಪ್ ಮುರಿಯಲ್ಲ, ಉದ್ದಕ್ಕೆ ದಾರದ ತರ ಬಂದು ಡ್ರಿಲ್‌ಗೆ ಸುತ್ಕೊಳತ್ತೆ, ಕೂಲೆಂಟ್ ಒಳಗೆ ಹೋಗೋ ದಾರಿನೂ ಮುಚ್ಚತ್ತೆ, ಆಮೇಲೆ ಡ್ರಿಲ್ ಬಿಸಿಯಾಗಿ ಹಿಡ್ಕೊಳತ್ತೆ. ಅಂದ್ರೆ ಮುರೀದೇ ಇರ್ಲಿ ಅಂತ ಕಡಿಮೆ ಮಾಡಿದ ಫೀಡೇ ಮುರಿಯೋಕೆ ಕಾರಣ ಆಗತ್ತೆ. ಎಸ್‌ಎಸ್304 ಸ್ಟೇನ್‌ಲೆಸ್ ಸ್ಟೀಲಲ್ಲಂತೂ ಇನ್ನೂ ಕಷ್ಟ, ಡ್ರಿಲ್ ಕಟ್ ಮಾಡ್ದೇ ಉಜ್ಜಿದ ಜಾಗ ಅಲ್ಲೇ ಗಟ್ಟಿಯಾಗ್ಬಿಡತ್ತೆ, ಮುಂದಿನ ಸುತ್ತಿಗೆ ಆ ಗಟ್ಟಿ ಪದರಾನೇ ಕಡೀಬೇಕು. ಅಲ್ಲಿ ಆರ್‌ಪಿಎಂ ಇಳಿಸಿ, ಪ್ರತಿ ಸುತ್ತಿನ ಫೀಡ್ ಬಿಡ್ಬೇಡಿ, ಹೋಲ್ ತಳದಲ್ಲಿ ಡ್ವೆಲ್ (ಇಳೀದೇ ಅಲ್ಲೇ ನಿಂತು ತಿರುಗೋದು) ಕೊಡ್ಬೇಡಿ. ಓವರ್‌ರೈಡ್ ಇಳಿಸಿದ್ರೆ ಆರ್‌ಪಿಎಂ ಹಂಗೇ ಇದ್ದು ಸುತ್ತಿನ ಫೀಡ್ ಮಾತ್ರ ಕಮ್ಮಿ ಆಗತ್ತೆ, ಅದಕ್ಕೇ ನಾಬ್ ಮೇಲೆ ನನ್ನ ಸಿಟ್ಟು.

ಚಿಪ್ ಮುರಿಸೋಕೆ ದಾರಿ ಪೆಕ್ಕಿಂಗ್, ಅಂದ್ರೆ ಡ್ರಿಲ್ಲನ್ನ ಸ್ವಲ್ಪ ಸ್ವಲ್ಪ ಇಳಿಸಿ ಹಿಂದೆ ಎಳೆಯೋದು. ಆಳ ಡಯಾದ ಮೂರು ಪಟ್ಟಿನ ಒಳಗಿದ್ರೆ ಸಾಮಾನ್ಯವಾಗಿ ಪೆಕ್ ಇಲ್ದೆ ಒಂದೇ ಸಲ ಹೊಡಿಯೋ ಜಿ81 ಸಾಕು. ಅದಕ್ಕಿಂತ ಆಳ ಇದ್ದು ಚಿಪ್ ಬರೀ ಮುರಿದ್ರೆ ಸಾಕು ಅಂದ್ರೆ ಜಿ73, ಡ್ರಿಲ್ ಒಂಚೂರು ಮಾತ್ರ ಹಿಂದೆ ಸರಿಯತ್ತೆ. ಚಿಪ್ ಪೂರ್ತಿ ಆಚೆ ಎಳೀಬೇಕು ಅಂದ್ರೆ ಜಿ83, ಪ್ರತಿ ಸಲ ಆರ್ ತನಕ ಮೇಲೆ ಬರತ್ತೆ. ನಮ್ಮ ಪ್ಲೇಟ್ 25, ಡ್ರಿಲ್ 8.5, ಸರಿಸುಮಾರು ಮೂರು ಪಟ್ಟು, ಬಾರ್ಡರ್‌ನಲ್ಲಿದೆ, ಕೂಲೆಂಟ್ ಚೆನ್ನಾಗಿದ್ರೆ ಜಿ73 ಹಾಕಿ ಟೈಮ್ ಉಳಿಸ್ಬಹುದು. ಕ್ಯೂ ಹಾಕುವಾಗ ಪಾಯಿಂಟ್ ಮರೀಬೇಡಿ, ತುಂಬಾ ಮೆಷಿನ್‌ಗಳಲ್ಲಿ ಕ್ಯೂ4 ಅಂದ್ರೆ 4 ಎಂಎಂ ಅಲ್ಲ 4 ಮೈಕ್ರಾನ್, ಅದಕ್ಕೇ ಕೆಲವ್ರು ಕ್ಯೂ4000 ಅಂತ ಬರೆಯೋದು. ಡ್ರಿಲ್ ಜಾಬ್ ಹತ್ರ ನಿಂತ್ಕೊಂಡು ಟಕಟಕ ಅಂತ ಕುಟ್ತಾ ಕೆಳಗೆ ಹೋಗ್ತಾನೇ ಇಲ್ಲ, ಮೆಷಿನ್ ಹ್ಯಾಂಗ್ ಆಗಿದೆ ಅಂತ ಫೋನ್ ಬರೋದು ಇದಕ್ಕೇ. ಝೆಡ್‌ಗೂ ಅಷ್ಟೇ, ಝೆಡ್-29 ಪಾಯಿಂಟ್ ಇಲ್ದೆ ಬರೆದ್ರೆ 0.029, ಹೋಲ್ ಬದಲು ಚುಕ್ಕೆ ಬೀಳತ್ತೆ.

ಎಲ್ಲಿ ಮುರೀತು ಅನ್ನೋದೂ ಮುಖ್ಯ. ಒಳಗೆ ಹೋಗುವಾಗ್ಲೇ ಅಂದ್ರೆ ರನೌಟ್, ಸ್ಪಾಟ್ ಇಲ್ಲ, ಇಳಿಜಾರು ಮೇಲ್ಮೈ. ಆಚೆ ಬರುವಾಗ ಅಂದ್ರೆ ನಂಗೆ ಮೊದ್ಲು ಅನುಮಾನ ಬರೋದು ಪ್ಯಾರಲಲ್ ಮೇಲೆ. ನಮ್ಮ ಜಾಬಲ್ಲಿ ಹೋಲ್ ಸೆಂಟರ್ ಅಂಚಿಂದ 20, ಹೋಲ್ ಅಂಚು 15.75ಕ್ಕೆ ಶುರು. 10 ಎಂಎಂ ದಪ್ಪದ ಪ್ಯಾರಲಲ್ ವೈಸ್ ಜಾ ಮುಖಕ್ಕೆ ಅಂಟಿ ನಿಂತಿದ್ರೆ ಆರಾಮು, ಅದು 6 ಎಂಎಂ ಒಳಗೆ ಸರಿದ್ರೆ ಡ್ರಿಲ್ ನೇರ ಗಟ್ಟಿ ಸ್ಟೀಲ್ ಮೇಲೆ ಇಳಿಯತ್ತೆ. ಪ್ಯಾರಲಲ್ ಮೇಲೆ ಅರ್ಧಚಂದ್ರದ ಗಾಯ ಇದ್ಯಾ ನೋಡಿ, ಇದ್ರೆ ಕೇಸ್ ಕ್ಲೋಸ್. ಎರಡು ಪ್ಯಾರಲಲ್ ಮಧ್ಯೆ ಒಂದು ಸ್ಪ್ರಿಂಗ್ ಇಟ್ರೆ ಅವು ಜಾ ಮುಖಕ್ಕೇ ಒತ್ಕೊಂಡಿರತ್ವೆ.

ಕೂಲೆಂಟ್ ಬಗ್ಗೆ ಎರಡು ಮಾತು. ನಾಝಲ್ ಡ್ರಿಲ್ ಶ್ಯಾಂಕ್‌ಗೆ ಸ್ನಾನ ಮಾಡಿಸ್ತಿರತ್ತೆ, ಹೋಲ್ ಬಾಯಿಗೆ ಹನಿ ಬೀಳ್ತಿರಲ್ಲ, ಉದ್ದ ಡ್ರಿಲ್‌ನಿಂದ ಗಿಡ್ಡ ಡ್ರಿಲ್‌ಗೆ ಬಂದಾಗೆಲ್ಲ ನಾಝಲ್ ತಿರುಗಿಸ್ಬೇಕು. ಇನ್ನೊಂದು, ನೀರು ಮಾತ್ರ ಆವಿಯಾಗತ್ತೆ ಅಂತ ದಿನಾ ಬೆಳಗ್ಗೆ ಬರೀ ಬೋರ್‌ವೆಲ್ ನೀರು ಸುರೀತಾ ಹೋದ್ರೆ ಎಣ್ಣೆ ತೆಳ್ಳಗಾಗ್ತಾ ಹೋಗತ್ತೆ, ಚಿಪ್ಸ್ ಜೊತೆ ಎಣ್ಣೆನೂ ಆಚೆ ಹೋಗ್ತಿರತ್ತಲ್ಲ. ಸಾಮಾನ್ಯ ಸ್ಟೀಲ್ ಕೆಲ್ಸಕ್ಕೆ 5ರಿಂದ 8 ಪರ್ಸೆಂಟ್ ಇರ್ಲಿ, ರಿಫ್ರಾಕ್ಟೋಮೀಟರಲ್ಲಿ ಒಂದು ಹನಿ ಹಾಕಿ ನೋಡಿ, ಡಬ್ಬದ ಮೇಲಿರೋ ಫ್ಯಾಕ್ಟರಲ್ಲಿ ಗುಣಿಸಿ. ಕಲಸುವಾಗ ನೀರಿಗೆ ಎಣ್ಣೆ ಹಾಕಿ, ಎಣ್ಣೆಗೆ ನೀರಲ್ಲ. ಕ್ಯಾಸ್ಟ್ ಐರನ್ ಆದ್ರೆ ಜಾಸ್ತಿ ಕಡೆ ಡ್ರೈನೇ ಹೊಡೀತಾರೆ, ಪುಡಿ ಚಿಪ್ಸ್ ಕೂಲೆಂಟ್ ಜೊತೆ ಸೇರಿ ಕೆಸರಾಗತ್ತೆ.

ಹಾಂ, ಚಿಪ್ಸ್ ಸುತ್ಕೊಂಡ್ರೆ ಸ್ಪಿಂಡಲ್ ತಿರುಗ್ತಿರುವಾಗ ಕೈ ಹಾಕ್ಬೇಡಿ, ಗ್ಲೌಸ್ ಹಾಕ್ಕೊಂಡಂತೂ ಬೇಡ್ವೇ ಬೇಡ. ಸ್ಟಾಪ್ ಮಾಡಿ, ಕೊಕ್ಕೆಯಲ್ಲಿ ಎಳೀರಿ.

ಮಿಲ್ಲಿಂಗಲ್ಲಿ ಇದೇ ತರ ಓದೋದು ಹೆಂಗೆ

ಇಲ್ಲಿ ಚಿಕ್ಕದಾಗಿ ಹೇಳ್ತೀನಿ. ಪಾಕೆಟ್ ಆಳ ಶುರುವಿನಲ್ಲಿ ಸರಿ, ಹೋಗ್ತಾ ಹೋಗ್ತಾ ಆಳ ಆಗ್ತಿದೆ ಅಂದ್ರೆ ಎಂಡ್ ಮಿಲ್ ಕೊಲೆಟಿಂದ ಕೆಳಗೆ ಜಾರ್ತಿದೆ, ಹೆಲಿಕ್ಸ್ ಅದನ್ನ ಜಾಬ್ ಒಳಗೆ ಎಳೀತಿರತ್ತೆ. ಆಫ್‌ಸೆಟ್ ತಿದ್ದಿದ್ರೆ ಮುಂದಿನ ಪೀಸ್‌ಗೆ ಮತ್ತೆ ತಪ್ಪತ್ತೆ, ಶ್ಯಾಂಕ್‌ನ ಎಣ್ಣೆ ಒರೆಸಿ, ಕೊಲೆಟ್ ಬದಲಾಯಿಸಿ. ಪಾಕೆಟ್ ಗೋಡೆ ಮೇಲೆ ಒಂದು ಸೈಜ್ ಕೆಳಗೆ ಒಂದು ಸೈಜ್ ಅಂದ್ರೆ ಕಟ್ಟರ್ ಬಗ್ತಿದೆ. ಆಚೆ ನಿಂತಿರೋ ಉದ್ದ ಎರಡು ಪಟ್ಟಾದ್ರೆ ಅದೇ ಲೋಡಿಗೆ ಬಗ್ಗೋದು ಎಂಟು ಪಟ್ಟು, ಹಂಗಾಗಿ 10 ಎಂಎಂ ಆದ್ರೂ ಒಳಗೆ ತಳ್ಳೋಕಾದ್ರೆ ತಳ್ಳಿ. ಕಿರ್ರ್ ಅಂತ ಚಾಟರ್ ಸೌಂಡ್ ಬಂದ್ರೂ ಮೊದ್ಲು ಅದನ್ನೇ ಮಾಡಿ, ಆಮೇಲೆ ಆರ್‌ಪಿಎಂ ಸ್ವಲ್ಪ ಆಚೀಚೆ ಮಾಡಿ ನೋಡಿ. ಫೇಸ್ ಮಿಲ್ ಹೊಡೆದಾಗ ಪಕ್ಕಪಕ್ಕದ ಪಾಸ್ ಮಧ್ಯೆ ಉಗುರಿಗೆ ಸಿಗೋ ಮೆಟ್ಟಿಲು ಪ್ರತಿ ಸಲ ಒಂದೇ ಕಡೆಗೆ ಬಿದ್ರೆ ಹೆಡ್ ಟೇಬಲ್‌ಗೆ ಸ್ಕ್ವೇರ್ ಇಲ್ಲ. ಇನ್ಸರ್ಟ್ ಬದಲಾಯಿಸಿ ಪ್ರಯೋಜನ ಇಲ್ಲ.

ಪ್ರೋಗ್ರಾಂನಲ್ಲಿ ಎಲ್ಲಾ ಟೂಲಿನ ಆಳಾನೂ ಸರಿ ಇದೆ, ಆದ್ರೆ ಒಂದು ಟೂಲ್ ಮಾತ್ರ 30-40 ಎಂಎಂ ಮೇಲೆ ನಿಂತು ಗಾಳಿ ಕಡೀತಿದೆ ಅಂದ್ರೆ ಟಿ ನಂಬರ್ರು ಎಚ್ ನಂಬರ್ರು ಬೇರೆ ಬೇರೆ ಇದೆ, ಟಿ2ಕ್ಕೆ ಎಚ್3 ಬರೆದಿರ್ತೀರ. ಮೇಲೆ ನಿಂತಿದ್ದು ಪುಣ್ಯ, ಉಲ್ಟಾ ಆಗಿದ್ರೆ ಟೇಬಲ್‌ಗೆ ಗುದ್ದಿರೋದು. ಅದಕ್ಕೇ ಹೊಸ ಪ್ರೋಗ್ರಾಂನ ಫಸ್ಟ್ ಪೀಸು ಎಕ್ಸ್‌ಟರ್ನಲ್ ಆಫ್‌ಸೆಟ್‌ನ ಝೆಡ್‌ಗೆ 100. ಹಾಕಿ ಗಾಳಿಯಲ್ಲಿ ಓಡಿಸೋದು, ರ್‍ಯಾಪಿಡ್ 25ರಲ್ಲಿ, ಸಿಂಗಲ್ ಬ್ಲಾಕ್ ಆನ್ ಮಾಡಿ. ಆಮೇಲೆ ಆ 100 ಅಳಿಸಿ, ಮೇಲೆ ಹೇಳಿದ ಮರೆತ ನಂಬರ್ ನಿಮ್ಮದೇ ಆಗ್ಬಾರ್ದು.

ಆಳ ಬೆಳಗ್ಗೆ ಒಂದು, ಊಟದ ಹೊತ್ತಿಗೆ ಇನ್ನೊಂದು, 0.02, 0.03 ಎಂಎಂ ವ್ಯತ್ಯಾಸ ಅಂದ್ರೆ ಸ್ಪಿಂಡಲ್ ಬಿಸಿಯಾಗಿ ಉದ್ದ ಆಗಿದೆ. ಟೈಟ್ ಟಾಲರೆನ್ಸ್ ಇರೋ ದಿನ ಮೊದ್ಲು ಹದಿನೈದು ಇಪ್ಪತ್ತು ನಿಮಿಷ ವಾರ್ಮಪ್ ಓಡಿಸಿ ಆಮೇಲೆ ಝೆಡ್ ತಗೊಳಿ.

ಇಷ್ಟೆಲ್ಲ ಕರೆಕ್ಟಾಗಿದ್ದು, ಚಿಪ್ಸ್ ಎರಡೂ ಕಡೆಯಿಂದ ಸಮ ಬಂದು, ರನೌಟ್ ಓಕೆ ಇದ್ದು, ಆಗ್ಲೂ ಪ್ರಾಬ್ಲಂ ಇದ್ರೆ ಸ್ಪೀಡ್ ಫೀಡ್‌ಗೆ ಕೈ ಹಾಕಿ, ಅದೂ ಪ್ರೋಗ್ರಾಂನಲ್ಲಿ ಎಸ್ ಮತ್ತು ಎಫ್ ಎರಡನ್ನೂ ಲೆಕ್ಕ ಹಾಕಿ ಬದಲಾಯಿಸಿ, ನಾಬ್ 100ರಲ್ಲೇ ಇರ್ಲಿ. ಹೊಸ ಡ್ರಿಲ್ ಹಾಕಿದ ದಿನ ಒಳ್ಳೇ ಹೋಲ್ ಬಂದಾಗ ಸ್ಪಿಂಡಲ್ ಲೋಡ್ ಮೀಟರ್ ಎಷ್ಟು ಪರ್ಸೆಂಟ್ ತೋರಿಸ್ತು ಅಂತ ಸೆಟ್ಟಿಂಗ್ ಶೀಟ್ ಮೇಲೆ ಬರ್ದಿಡಿ, ಅದು ಏರ್ತಾ ಹೋದ್ರೆ ಡ್ರಿಲ್ ಮೊಂಡಾಗಿದೆ ಅಂತ ಮುರಿಯೋಕೆ ಮುಂಚೆನೇ ಗೊತ್ತಾಗತ್ತೆ. ಕೊನೆಗೆ ಸರ್ವಿಸ್‌ನವರನ್ನ ಕರೀಲೇಬೇಕು ಅಂದ್ರೆ "ಹೋಲ್ ಸರಿ ಬರ್ತಿಲ್ಲ ಸಾರ್" ಅನ್ಬೇಡಿ. ಯಾವ ಆಕ್ಸಿಸ್, ಬ್ಯಾಕ್‌ಲ್ಯಾಶ್ ಎಷ್ಟು ಬಂತು, ಸ್ಪಿಂಡಲ್ ಬಾಯಿ ಹತ್ರ ರನೌಟ್ ಎಷ್ಟು, ಹೋಲ್ಡರ್ 180 ತಿರುಗ್ಸಿದಾಗ ಎತ್ತರ ಎಲ್ಲಿ ನಿಂತ್ತು, ಮೆಷಿನ್ ತಣ್ಣಗಿದ್ದಾಗ್ಲಾ ಬಿಸಿಯಾದ್ಮೇಲಾ, ಇಷ್ಟು ಫೋನಲ್ಲೇ ಹೇಳಿದ್ರೆ ಅವ್ರು ಬರುವಾಗ್ಲೇ ಬೇಕಾದ ಸ್ಪೇರು, ಟೆಸ್ಟ್ ಮ್ಯಾಂಡ್ರೆಲ್ ಜೊತೆಗೇ ತಗೊಂಡು ಬರ್ತಾರೆ.